ಆನ್‌ಲೈನ್ ಜೂಜು: ತಡೆಯುವ ಹೊಣೆ ಯಾರದ್ದು?

ಎಲ್ಲರಿಗೂ ನಮಸ್ಕಾರ.

ಮಲೆನಾಡಿಗೆ ಜೂಜು ಹೊಸದಲ್ಲ. ದೀಪಾವಳಿಗೆ ಇಸ್ಪೀಟು, ಊರ ಹೊರಗೆ ಕೋಳಿ ಅಂಕ, ಪೇಟೆಯಲ್ಲಿ ಓಸಿ ಚೀಟಿ, ಎಲ್ಲ ನೋಡಿಕೊಂಡೇ ಬಂದಿದ್ದೇವೆ. ಆದರೆ ಅಲ್ಲಿ ಜೇಬು ಖಾಲಿಯಾದರೆ ಎದ್ದು ಬರಬೇಕಿತ್ತು. ಯಾರಾದರೂ ಮನೆಗೆ ಸುದ್ದಿ ಮುಟ್ಟಿಸುತ್ತಿದ್ದರು. ಮೊಬೈಲಿನಲ್ಲಿ ಹಾಗಿಲ್ಲ. ಅಡಿಕೆ ಮಂಡಿಯಿಂದ ಖಾತೆಗೆ ಬಿದ್ದ ದುಡ್ಡು ಬೆಳಗಾಗುವುದರೊಳಗೆ ಖಾಲಿಯಾಗಬಹುದು. ಪಕ್ಕದಲ್ಲಿ ಮಲಗಿದವರಿಗೂ ಗೊತ್ತಾಗುವುದಿಲ್ಲ.

ಇಂಥದ್ದು ಕಿವಿಗೆ ಬಿದ್ದ ಕೂಡಲೇ ನಾವು ಹೇಳುವುದು ಒಂದೇ: “ಅವನಿಗೆ ಬುದ್ಧಿ ಬೇಡ್ವಾ?” ಈ ಮಾತು ನನಗೆ ಸರಿ ಕಾಣುವುದಿಲ್ಲ. ಆಡುವವನಿಗೆ ತನ್ನ ಲೆಕ್ಕ ಅರ್ಧಂಬರ್ಧ ಗೊತ್ತು. ಆಡಿಸುವ ಕಂಪನಿಗೆ ಪೂರ್ತಿ ಗೊತ್ತು. ಎಷ್ಟು ಹೊತ್ತಿಗೆ ಬಂದ, ಎಷ್ಟು ಕಟ್ಟಿದ, ಸೋತ ಮೇಲೆ ಎಷ್ಟು ಬೇಗ ಮತ್ತೆ ದುಡ್ಡು ಹಾಕಿದ, ಎಲ್ಲ ಅವರ ಕಣ್ಣೆದುರು ಇರುತ್ತದೆ. ತಡೆಯುವ ಹೊಣೆ ಅವರಿಗೇ ಜಾಸ್ತಿ ಅಲ್ವಾ?

ಬ್ರಿಟನ್‌ನಲ್ಲಿ ಆನ್‌ಲೈನ್ ಜೂಜಿಗೆ ಅನುಮತಿ ಇದೆ. ಲೈಸೆನ್ಸ್ ಕೊಡುವುದು ಅಲ್ಲಿನ ಗ್ಯಾಂಬ್ಲಿಂಗ್ ಕಮಿಷನ್. ಲೈಸೆನ್ಸಿನ ಜೊತೆಗೇ ಸಾಮಾಜಿಕ ಹೊಣೆಯ ನಿಯಮಗಳೂ ಬರುತ್ತವೆ. ಅವನ್ನು ವರ್ಷದಿಂದ ವರ್ಷಕ್ಕೆ ಬಿಗಿ ಮಾಡುತ್ತಿದ್ದಾರೆ. 2020ರ ಏಪ್ರಿಲ್‌ನಲ್ಲಿ ಕ್ರೆಡಿಟ್ ಕಾರ್ಡಿನಿಂದ ಜೂಜಾಡುವುದು ನಿಂತಿತು. ಅದೇ ವರ್ಷ ಎಲ್ಲ ಆನ್‌ಲೈನ್ ಕಂಪನಿಗಳೂ ‘ಗ್ಯಾಮ್‌ಸ್ಟಾಪ್’ಗೆ ಸೇರಲೇಬೇಕಾಯಿತು. ಅಲ್ಲಿ ಒಮ್ಮೆ ಹೆಸರು ಬರೆಸಿದರೆ ಲೈಸೆನ್ಸ್ ಇರುವ ಯಾವ ಸೈಟೂ ನಿಮ್ಮನ್ನು ಆಟಕ್ಕೆ ಬಿಡುವಂತಿಲ್ಲ.

2021ರ ಅಕ್ಟೋಬರ್‌ನ ಬದಲಾವಣೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಗುಂಡಿ ಒತ್ತಿದರೆ ಚಿತ್ರಗಳು ಸುತ್ತಿ ನಿಲ್ಲುವ ಸ್ಲಾಟ್ ಆಟದಲ್ಲಿ ಒಬ್ಬ 10 ಪೌಂಡ್ ಕಟ್ಟುತ್ತಾನೆ. 4 ಪೌಂಡ್ ವಾಪಸ್ ಬರುತ್ತದೆ. ಅಂದರೆ 6 ಪೌಂಡ್ ಹೋಯಿತು. ಆದರೆ ಪರದೆಯ ಮೇಲೆ ದೀಪ, ಸಂಗೀತ, ಗೆದ್ದ ಸಂಭ್ರಮ! ಸೋಲನ್ನು ಹೀಗೆ ಗೆಲುವಿನಂತೆ ತೋರಿಸಬಾರದು ಎಂದು ನಿಯಮ ಬಂತು. ಒಂದು ಸುತ್ತಿಗೆ ಕನಿಷ್ಠ 2.5 ಸೆಕೆಂಡ್ ಹಿಡಿಯಬೇಕು ಎಂದರು. ತಾನಾಗಿಯೇ ಸುತ್ತುತ್ತಾ ಹೋಗುವ ಸೌಲಭ್ಯ ತೆಗೆಸಿದರು. ಬ್ಯಾಂಕಿಗೆ ಹಾಕಿ ಎಂದು ಕೇಳಿದ ದುಡ್ಡನ್ನು ಮತ್ತೆ ಆಟಕ್ಕೆ ಎಳೆದುಕೊಳ್ಳುವ ದಾರಿಯನ್ನೂ ಮುಚ್ಚಿದರು. ಮನುಷ್ಯನ ಬುದ್ಧಿ ಜಾರುವಂತೆ ಆ ಆಟವನ್ನು ಕಟ್ಟಿದ್ದರು ಎಂದು ಒಂದು ದೇಶವೇ ಒಪ್ಪಿಕೊಂಡ ಹಾಗಾಯಿತು.

2022ರ ಸೆಪ್ಟೆಂಬರ್‌ನಿಂದ ಗ್ರಾಹಕ ಹಾಳಾಗುತ್ತಿರುವ ಗುರುತು ಕಂಡರೆ ಕಂಪನಿಯೇ ಮುಂದೆ ಬಂದು ತಡೆಯಬೇಕು. 2025ರಲ್ಲಿ ಸ್ಲಾಟ್ ಪಣಕ್ಕೆ ಮಿತಿ ಬಂತು. ಒಂದು ಸುತ್ತಿಗೆ 5 ಪೌಂಡ್. 18ರಿಂದ 24 ವಯಸ್ಸಿನವರಿಗೆ ಬರೀ 2 ಪೌಂಡ್.

ನಮ್ಮ ದಾರಿ ಬೇರೆ. ಕರ್ನಾಟಕ 2021ರಲ್ಲಿ ನಿಷೇಧ ತಂದಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ದುಡ್ಡಿನ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾಯ್ದೆ ಪಾಸು ಮಾಡಿತು. ಆಡಿಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡಿದವರಿಗೂ ಶಿಕ್ಷೆ ಇದೆ. ಬರೀ ಆಡಿದವನಿಗೆ ಈ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ. ಈ ಸಂಗತಿ ತೀರ್ಥಹಳ್ಳಿ, ಸಾಗರ, ಹೊಸನಗರದ ಮನೆಮನೆಗೂ ತಲುಪಬೇಕು. ಪೊಲೀಸರ ಹೆದರಿಕೆಯಿಂದ ಸಾಲವನ್ನು ಬಚ್ಚಿಟ್ಟುಕೊಂಡು ಒಳಗೊಳಗೇ ಬೇಯುವ ಹುಡುಗರಿದ್ದಾರೆ.

ನಿಷೇಧ ಆಯಿತೆಂದು ಸುಮ್ನೆ ಕೂರುವಂತಿಲ್ಲ. ವಿದೇಶದಿಂದ ನಡೆಸುವ ಕಳ್ಳ ಆ್ಯಪ್‌ಗಳು ಯಾವ ನಿಯಮವನ್ನೂ ಲೆಕ್ಕಿಸುವುದಿಲ್ಲ. ಅಲ್ಲಿ ಎಚ್ಚರಿಸುವವರಿಲ್ಲ, ಮಿತಿ ಇಲ್ಲ, ದೂರು ಕೊಡಲು ಜಾಗವಿಲ್ಲ. ಗೆದ್ದ ದುಡ್ಡು ಬರುತ್ತದೆ ಎಂಬ ಖಾತ್ರಿಯೂ ಇಲ್ಲ. ಬ್ಯಾಂಕ್ ಖಾತೆಯನ್ನು ಬಾಡಿಗೆಗೆ ಕೊಡು, ಕಮಿಷನ್ ಕೊಡುತ್ತೇವೆ ಎಂದು ಕಾಲೇಜು ಮಕ್ಕಳನ್ನು ಕೇಳುವವರಿದ್ದಾರೆ. ದಯವಿಟ್ಟು ಕೊಡಬೇಡಿ. ಆಗ ಕೇಸು ಬೀಳುವುದು ನಿಮ್ಮ ಮೇಲೆ.

ಬ್ರಿಟನ್‌ನಲ್ಲಿ ಕಂಪನಿಗಳು ನೋಡಬೇಕಾದ ಗುರುತುಗಳನ್ನು ಇಲ್ಲಿ ಮನೆಯವರೇ ನೋಡಬಹುದು. ತಡರಾತ್ರಿವರೆಗೆ ಫೋನು, ಪದೇ ಪದೇ ಸಣ್ಣ ಸಣ್ಣ ಸಾಲ, ಒಂದೇ ದಿನ ಹಲವು ಯುಪಿಐ ಪಾವತಿ, ಕಾರಣವಿಲ್ಲದ ಸಿಡುಕು. ಕಂಡರೆ ಬೈಯಬೇಡಿ, ಕೂರಿಸಿಕೊಂಡು ಕೇಳಿ. ಬೈದರೆ ಮುಂದಿನ ಸಾಲ ಇನ್ನೂ ಗುಟ್ಟಾಗಿ ಆಗುತ್ತದೆ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆ್ಯಪ್‌ನಿಂದ ಮೋಸವಾಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಫೋನ್ ಮಾಡಿ. ತಡವಾದಷ್ಟೂ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಹೋಗುತ್ತದೆ.