ರೈಲ್ವೆಯಲ್ಲಿದ್ದ ಅಜ್ಜನ ವಂಶಾವಳಿ ಹುಡುಕುವವರಿಗೆ

ಕೇಳುಗರಿಗೆ ನಮಸ್ಕಾರ.

ಪರೇಲ್, ಮಾಟುಂಗಾ, ಲೋವರ್ ಪರೇಲ್ ವರ್ಕ್‌ಶಾಪುಗಳಲ್ಲಿ, ಕಲ್ಯಾಣ–ಪುಣೆಯ ಲೋಕೋ ಶೆಡ್ಡುಗಳಲ್ಲಿ ದುಡಿದ ಕನ್ನಡಿಗರ ಮೊಮ್ಮಕ್ಕಳಲ್ಲಿ ಅನೇಕರಿಗೆ ಮನೆತನದ ಮೂಲ ತಿಳಿಯುವ ಆಸೆ. ಕೈಯಲ್ಲಿರುವುದು ಒಂದು ಹೆಸರು, ಜೊತೆಗೆ "ಅಜ್ಜ ರೈಲ್ವೆಯಲ್ಲಿದ್ದರು" ಎಂಬ ಮಾತು. ಹುಡುಕಾಟಕ್ಕೆ ಇಷ್ಟು ಸಾಕು. ಆದರೆ ಹೆಸರೊಂದನ್ನೇ ನೆಚ್ಚಿಕೊಂಡು ಹೊರಡಬೇಡಿ.

ಊರಿನ ಹನುಮಪ್ಪ ಮುಂಬೈ ಮಸ್ಟರಿನಲ್ಲಿ, ಅಂದರೆ ಹಾಜರಿ ಪುಸ್ತಕದಲ್ಲಿ, ಹಣಮಂತ ಆಗಿರುತ್ತಾರೆ. ಅಡ್ಡಹೆಸರಿನ ಜಾಗದಲ್ಲಿ ಒಬ್ಬ ಗುಮಾಸ್ತರು ತಂದೆಯ ಹೆಸರು ಬರೆದರೆ ಇನ್ನೊಬ್ಬರು ಊರಿನ ಹೆಸರು ಬರೆದಿರುತ್ತಾರೆ. ಹಾಗಾಗಿ ಒಡಹುಟ್ಟಿದ ಇಬ್ಬರು ಎರಡು ಬೇರೆ ಅಡ್ಡಹೆಸರಿನಲ್ಲಿ ಸಿಗುವುದುಂಟು. ಹೆಸರಿಗಿಂತ ನಂಬಲರ್ಹವಾದದ್ದು ಟಿಕೆಟ್ ನಂಬರು (ವರ್ಕ್‌ಶಾಪಿನಲ್ಲಿ ಕೆಲಸಗಾರನ ಗುರುತಿನ ಸಂಖ್ಯೆ), ಪಿ.ಎಫ್. ಅಂದರೆ ಪ್ರಾವಿಡೆಂಟ್ ಫಂಡಿನ ನಂಬರು, ಹುದ್ದೆ.

ಇವು ಸಿಗುವುದು ಮನೆಯ ಟ್ರಂಕಿನಲ್ಲಿ. ಪಿಂಚಣಿ ಆದೇಶ, ಅಂದರೆ ಪಿಪಿಒ, ಸಿಕ್ಕರೆ ಅರ್ಧ ಕೆಲಸ ಆಯಿತು: ಹುದ್ದೆ, ಕಚೇರಿ, ನಿವೃತ್ತಿಯ ದಿನ, ಕುಟುಂಬ ಪಿಂಚಣಿಗೆ ಅರ್ಹರಾದ ಅಜ್ಜಿಯ ಹೆಸರು ಅದರಲ್ಲಿರುತ್ತವೆ. ಪಿಪಿಒ ಇಲ್ಲವೆಂದು ಕೈಬಿಡಬೇಡಿ. ರೈಲ್ವೆಯಲ್ಲಿ ಪಿಂಚಣಿ ಯೋಜನೆ ಬಂದದ್ದೇ 1957ರಲ್ಲಿ. ಅದಕ್ಕೂ ಹಿಂದೆ ನಿವೃತ್ತರಾದವರ ಮನೆಯಲ್ಲಿ ಪ್ರಾವಿಡೆಂಟ್ ಫಂಡಿನ ಕಾಗದ ಹುಡುಕಿ.

ಮುಂದಿನ ಪ್ರಶ್ನೆ, ಯಾವ ರೈಲ್ವೆ? ಬೋರಿಬಂದರಿನ ಜಿ.ಐ.ಪಿ. (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ಮತ್ತು ಚರ್ಚ್‌ಗೇಟ್ ಕಡೆಯ ಬಿ.ಬಿ.ಸಿ.ಐ. (ಬಾಂಬೆ, ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ) 1951ರಲ್ಲಿ ಸೆಂಟ್ರಲ್, ವೆಸ್ಟರ್ನ್ ರೈಲ್ವೆಗಳಾದವು. ಹುಬ್ಬಳ್ಳಿಯ ಕಥೆ ಇನ್ನೂ ಉದ್ದ: ಮದ್ರಾಸ್ ಅಂಡ್ ಸದರ್ನ್ ಮರಾಠಾ, 1951ರಿಂದ ಸದರ್ನ್, 1966ರಿಂದ ಸೌತ್ ಸೆಂಟ್ರಲ್, 2003ರಿಂದ ಸೌತ್ ವೆಸ್ಟರ್ನ್. ಕಲಬುರಗಿ ಸೇರಿದ್ದ ಸೊಲ್ಲಾಪುರ ವಿಭಾಗ ಸೌತ್ ಸೆಂಟ್ರಲ್‌ಗೆ ಹೋಗಿ 1977ರಲ್ಲಿ ಸೆಂಟ್ರಲ್‌ಗೆ ಮರಳಿತು. ಅಜ್ಜ ನಿವೃತ್ತರಾದ ವರ್ಷ ಆ ಜಾಗ ಯಾರ ಕೈಯಲ್ಲಿತ್ತು ಎಂದು ನೋಡದೆ ಅರ್ಜಿ ಹಾಕಿದರೆ "ನಮ್ಮಲ್ಲಿ ದಾಖಲೆ ಇಲ್ಲ" ಎಂಬ ಉತ್ತರ ಬರುವುದು ಸಹಜ.

ಅರ್ಜಿಯನ್ನು ವಿಭಾಗದ ಅಥವಾ ವರ್ಕ್‌ಶಾಪಿನ ಸಿಬ್ಬಂದಿ ಶಾಖೆಗೆ ಕೊಡಿ. ಮರಣ ಪ್ರಮಾಣಪತ್ರ, ನಿಮ್ಮ ಸಂಬಂಧದ ಪುರಾವೆ ಲಗತ್ತಿಸಿ. ಮಾಹಿತಿ ಹಕ್ಕಿನಲ್ಲಾದರೆ 10 ರೂಪಾಯಿ ಶುಲ್ಕ, 30 ದಿನದ ಗಡುವು. "ಎಲ್ಲ ವಿವರ ಕೊಡಿ" ಎಂದು ಬರೆದರೆ ವೈಯಕ್ತಿಕ ಮಾಹಿತಿ ಎಂದು ತಳ್ಳಿಹಾಕಬಹುದು. ಸರ್ವಿಸ್ ಬುಕ್ಕಿನ ಮೊದಲ ಪುಟ, ನಾಮಿನೇಷನ್, ರೈಲು ಪ್ರಯಾಣದ ಉಚಿತ ಪಾಸಿಗಾಗಿ ಅಜ್ಜ ಕೊಟ್ಟ ಕುಟುಂಬದ ಘೋಷಣೆ ಎಂದು ಹೆಸರಿಸಿಯೇ ಕೇಳಿ. ಅವಧಿ ಮೀರಿದ ಕಡತ ನಾಶವಾಗಿರಲೂಬಹುದು.

ಆ ಮೊದಲ ಪುಟವನ್ನು ನಿಧಾನವಾಗಿ ಓದಬೇಕು. ಹುಟ್ಟಿದ ದಿನ ಜುಲೈ 1 ಎಂದಿದ್ದರೆ ಎಚ್ಚರ. ವರ್ಷ ಮಾತ್ರ ಗೊತ್ತಿದ್ದವರಿಗೆ ಜುಲೈ 1, ವರ್ಷ ತಿಂಗಳು ಗೊತ್ತಿದ್ದವರಿಗೆ ಆ ತಿಂಗಳ 16 ಎಂದು ಬರೆಯುವುದು ರೈಲ್ವೆಯ ನಿಯಮ. ಅದನ್ನೇ ನಿಜವಾದ ಹುಟ್ಟುಹಬ್ಬವೆಂದು ವಂಶವೃಕ್ಷದಲ್ಲಿ ಬರೆದುಕೊಳ್ಳಬೇಡಿ. ಬಡ್ತಿಯ ಸಾಲುಗಳೂ ಮಾತಾಡುತ್ತವೆ. ಉಗಿಬಂಡಿಯ ಕಾಲದಲ್ಲಿ ಕ್ಲೀನರ್ ಆಗಿ ಸೇರಿದವರು ಫೈರ್‌ಮನ್, ಶಂಟರ್ ಆಗಿ, ಆಮೇಲೆ ಡ್ರೈವರ್ ಆಗುತ್ತಿದ್ದರು. ಹಳಿಯ ಮೇಲಿನ ಗ್ಯಾಂಗ್‌ಮನ್ ಕೀಮನ್, ಮೇಟ್ ಆಗುತ್ತಿದ್ದರು. ಒಂದೇ ಹೆಸರಿನ ಇಬ್ಬರಲ್ಲಿ ನಿಮ್ಮವರು ಯಾರೆಂದು ಈ ಸಾಲುಗಳೇ ಬಿಡಿಸಿ ಹೇಳುತ್ತವೆ.

ಪಾಸಿನ ಘೋಷಣೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೆಲೆಬಾಳುವ ಕಾಗದ. ಹೆಂಡತಿ, ಮಕ್ಕಳ ವಯಸ್ಸು ಅದರಲ್ಲಿರುತ್ತದೆ. ಅವಲಂಬಿತರ ಸಾಲಿನಲ್ಲಿ ತಾಯಿಗೆ ಜಾಗ ಸಿಗುವುದು ಸಾಮಾನ್ಯವಾಗಿ ಆಕೆ ವಿಧವೆಯಾಗಿದ್ದರೆ; ಮದುವೆಯಾಗದ ತಂಗಿಗೆ ಸಿಗುವುದು ತಂದೆ ತೀರಿಕೊಂಡಿದ್ದರೆ. ಹಾಗಾಗಿ ಅವರ ಹೆಸರು ಬಂದ ವರ್ಷದ ಹೊತ್ತಿಗೆ ಮುತ್ತಜ್ಜ ಇರಲಿಲ್ಲ ಎಂದು ಊಹಿಸಬಹುದು. ಮುತ್ತಜ್ಜನ ಮರಣದ ನೋಂದಣಿ ಹುಡುಕಲು ಇದೊಂದು ಗಡಿ ಸಿಕ್ಕಂತಾಯಿತು.

ಜನನ ಮರಣದ ನೋಂದಣಿ ಆಗುವುದು ಘಟನೆ ನಡೆದ ಜಾಗದಲ್ಲಿ. ಪರೇಲಿನ ಚಾಳಿನಲ್ಲಿದ್ದವರು ಬೈಕುಳಾದ ರೈಲ್ವೆ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ಹುಡುಕಬೇಕಾದ್ದು ಬೈಕುಳಾ ಸೇರಿದ ಮುಂಬೈ ಪಾಲಿಕೆಯ ಇ ವಾರ್ಡಿನಲ್ಲಿ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವ ವಾಡಿಕೆಯಿಂದ ಹಿರಿಯ ಮಗುವಿನ ಜನನ ವಿಜಯಪುರದ್ದೋ ಗದಗದ್ದೋ ಹಳ್ಳಿಯಲ್ಲಿ ದಾಖಲಾಗಿರಬಹುದು. ಅದು ಅಜ್ಜಿಯ ತವರಿಗೆ ದಾರಿ. ಊರಲ್ಲಿ ಚೂರು ಹೊಲವಿದ್ದರೂ ಮುತ್ತಜ್ಜ ಸತ್ತ ಮೇಲೆ ವಾರಸಾ, ಅಂದರೆ ವಾರಸುದಾರರ ಹೆಸರು, ನಮೂದಾಗಿರುತ್ತದೆ. ಮುಂಬೈ ಸೇರಿದವರು, ಊರಲ್ಲೇ ಉಳಿದ ಅಣ್ಣತಮ್ಮಂದಿರು, ಎಲ್ಲರ ಹೆಸರೂ ಒಂದೇ ಕಡೆ ಸಿಗುವುದು ಅಲ್ಲೇ. ತಾಲೂಕು ಕಚೇರಿಯಲ್ಲಿ ಸರ್ವೆ ನಂಬರು ಹೇಳಿ ಹಳೆಯ ಪಹಣಿಯ ಜೊತೆ ಅದನ್ನೂ ಕೇಳಿ.

ಮರ್ಮಗೋವಾ–ಕ್ಯಾಸಲ್‌ರಾಕ್ ಮಾರ್ಗದಲ್ಲಿ ದುಡಿದವರದು ಬೇರೆ ದಾರಿ. 1961ರವರೆಗೆ ಗೋವಾ ಪೋರ್ಚುಗೀಸರದು. ವಾಸ್ಕೋ, ಕುಳೆಯಲ್ಲಿ ಹುಟ್ಟಿದವರ ಹಳೆಯ ನೋಂದಣಿ ಪೋರ್ಚುಗೀಸ್ ಭಾಷೆಯಲ್ಲಿರುತ್ತದೆ. ಪಣಜಿಯ ಪತ್ರಾಗಾರ, ತಾಲೂಕಿನ ಸಿವಿಲ್ ರಿಜಿಸ್ಟ್ರಾರ್ ಕಚೇರಿ, ಎರಡೂ ಕಡೆ ವಿಚಾರಿಸಬೇಕು.

ಇಷ್ಟೆಲ್ಲದರ ನಡುವೆ ಮನೆಯ ಹಿರಿಯ ಅತ್ತೆಯನ್ನೋ ದೊಡ್ಡಮ್ಮನನ್ನೋ ಕೇಳುವುದನ್ನು ಮುಂದೂಡಬೇಡಿ. "ನಮ್ಮ ಮನೆತನದ ಬಗ್ಗೆ ಹೇಳಿ" ಅಂದರೆ ಅವರಿಗೆ ಏನು ಹೇಳಲೂ ತೋಚದು. "ಅಜ್ಜ ಮುಂಬೈಗೆ ಬಂದಾಗ ಮೊದಲು ಯಾರ ಖೋಲಿಯಲ್ಲಿ ಇಳಿದುಕೊಂಡರು?" ಎಂದು ಕೇಳಿ. ಆ ಖೋಲಿಯವರು ಹೆಚ್ಚಾಗಿ ಸೋದರಮಾವನೋ ದಾಯಾದಿಯೋ ಆಗಿರುತ್ತಾರೆ. ಅವರೂ ಅದೇ ಶಾಪಿನಲ್ಲಿ ದುಡಿದಿದ್ದರೆ, ಮುಂದಿನ ಅರ್ಜಿ ಅವರ ಟಿಕೆಟ್ ನಂಬರಿಗಾಗಿ ಹಾಕಿ.

ನಮಸ್ಕಾರ.