ಮೊದಲು ಬರೆಯಬೇಕಾದದ್ದು, ಯಾರಿಗೆ ಕಳುಹಿಸಕೂಡದು ಎಂಬುದನ್ನು

ಕೇಳುಗರೆಲ್ಲರಿಗೂ ನಮಸ್ಕಾರ. ಆನ್‌ಲೈನ್ ಅಂಗಡಿಗಳಿಂದ ಗ್ರಾಹಕರಿಗೆ ತಾನಾಗಿಯೇ ಹೋಗುವ ಸಂದೇಶಗಳು ಯಾರನ್ನು ತಲುಪಬೇಕು ಎಂಬ ನಿಯಮವನ್ನು ಬರೆಯುವುದು ಹೇಗೆ ಎಂಬುದು ಇಂದಿನ ವಿಷಯ. ಅಂಗಡಿ ನಡೆಸುತ್ತಿರುವವರನ್ನೂ, ಅವರಿಗಾಗಿ ಈ ಕೆಲಸ ಮಾಡುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಒಂದೇ ಮಾತು ಹೇಳುತ್ತೇನೆ. ಯಾರಿಗೆ ಕಳುಹಿಸಬೇಕು ಎಂದು ಬರೆಯುವ ಮೊದಲು, ಯಾರಿಗೆ ಕಳುಹಿಸಕೂಡದು ಎಂಬುದನ್ನು ಬರೆಯಿರಿ.

ಒಂದು ನಿಯಮದಲ್ಲಿ ಮೂರು ಸಂಗತಿಗಳಿರುತ್ತವೆ: ಸಂದೇಶ ಯಾವಾಗ ಹೊರಡಬೇಕು, ಯಾರಿಗೆ ಹೋಗಬೇಕು, ಯಾವಾಗ ನಿಲ್ಲಬೇಕು. ಮೊದಲನೆಯದನ್ನು ಎಲ್ಲರೂ ಬರೆಯುತ್ತಾರೆ. ಮೂರನೆಯದನ್ನು ಮರೆಯುತ್ತಾರೆ.

ನಾನೂ ಮರೆತಿದ್ದೆ. ಬೂಟುಗಳನ್ನು ಮಾರುವ ಒಂದು ಆನ್‌ಲೈನ್ ಅಂಗಡಿಗೆ ನಾನು ಬರೆದುಕೊಟ್ಟ ನಿಯಮ ಹೀಗಿತ್ತು: ಕಾರ್ಟ್‌ಗೆ ಸರಕು ಹಾಕಿ ಹಣ ಕಟ್ಟದೆ ಹೋದವರಿಗೆ 1 ಗಂಟೆಯ ಬಳಿಕ ಒಂದು ಇಮೇಲ್, 24 ಗಂಟೆಯ ಬಳಿಕ ಇನ್ನೊಂದು, 72 ಗಂಟೆಯ ಬಳಿಕ ಶೇಕಡ 10 ರಿಯಾಯಿತಿಯೊಂದಿಗೆ ಮತ್ತೊಂದು. ಒಬ್ಬ ಮಹಿಳೆ ಸಂಜೆ ಒಂದು ಜೊತೆ ಬೂಟನ್ನು ಕಾರ್ಟ್‌ಗೆ ಹಾಕಿ, ಅಳತೆ ಕೇಳಿ ತಿಳಿದುಕೊಂಡು, ಮೊದಲ ಇಮೇಲ್ ಬಂದ ಮೇಲೆ ರಾತ್ರಿ ಹಣ ಕಟ್ಟಿದರು. ನನ್ನ ನಿಯಮವಾದರೋ, ಅವರು ಹಣ ಕಟ್ಟಿದ್ದಾರೆಯೇ ಎಂದು ಒಮ್ಮೆ ಮಾತ್ರ, ಮೊದಲ ಇಮೇಲ್ ಹೊರಡುವ ಮುನ್ನ ನೋಡಿತ್ತು. ಆಮೇಲೆ ನೋಡಲೇ ಇಲ್ಲ. ಮರುದಿನ ಸಂಜೆ ಅವರಿಗೆ 'ನಿಮ್ಮ ಬೂಟುಗಳು ಇನ್ನೂ ಕಾರ್ಟ್‌ನಲ್ಲೇ ಇವೆ' ಎಂಬ ಇಮೇಲ್ ಹೋಯಿತು. ಹಿಂದಿನ ರಾತ್ರಿ ಕಟ್ಟಿದ ಹಣ ತಲುಪಿಲ್ಲವೆಂದು ತಿಳಿದ ಅವರು ಮತ್ತೊಮ್ಮೆ ಕಟ್ಟಿದರು. ಅದಾದ ಮೇಲೂ ರಿಯಾಯಿತಿಯ ಇಮೇಲ್ ಹೋಯಿತು. ಅವರು ಫೋನ್ ಮಾಡಿದಾಗ ನಾನು ಗ್ರಾಹಕ ಸೇವೆಯವರ ಪಕ್ಕದಲ್ಲೇ ಕುಳಿತಿದ್ದೆ. ಅವರು ಬೈಯಲಿಲ್ಲ, 'ನನ್ನ ಹಣ ಬಂದಿದೆಯೋ ಇಲ್ಲವೋ, ಅಷ್ಟು ಹೇಳಿಬಿಡಿ' ಎಂದು ಮೂರು ಸಲ ಕೇಳಿದರು. ಪರದೆಯ ಮೇಲೆ ಒಂದೇ ಹೆಸರಿನಲ್ಲಿ, ಒಂದೇ ಅಳತೆಯ ಎರಡು ಆರ್ಡರ್‌ಗಳಿದ್ದವು. ಆ ದನಿ ಇಂದಿಗೂ ನನ್ನ ಕಿವಿಯಲ್ಲಿದೆ. ತಿದ್ದಲು ಬೇಕಾದದ್ದು ಒಂದೇ ಸಾಲು: ಪ್ರತಿ ಇಮೇಲ್ ಹೊರಡುವ ಮುನ್ನ, ಈ ನಡುವೆ ಆರ್ಡರ್ ಆಗಿದ್ದರೆ ಈ ಗ್ರಾಹಕರನ್ನು ಸರಣಿಯಿಂದ ಹೊರಗಿಡು.

ಆದ್ದರಿಂದ ದಯವಿಟ್ಟು ಹೊರಗಿಡಬೇಕಾದವರ ಪಟ್ಟಿಯನ್ನು ಮೊದಲು ಮಾಡಿ. ಈಗಷ್ಟೇ ಕೊಂಡವರು, ದೂರು ಕೊಟ್ಟು ಉತ್ತರಕ್ಕೆ ಕಾಯುತ್ತಿರುವವರು, ಸರಕು ಹಿಂದಿರುಗಿಸುತ್ತಿರುವವರು, ಸಂದೇಶ ಬೇಡವೆಂದವರು, ಇಂದೇ ನಿಮ್ಮಿಂದ ಒಂದು ಸಂದೇಶ ಪಡೆದವರು. ಇಲ್ಲಿ 'ಮತ್ತು', 'ಅಥವಾ' ಎಂಬ ಎರಡು ಪದಗಳ ಬಗ್ಗೆ ಎಚ್ಚರವಿರಲಿ. 'ದೂರು ಕೊಟ್ಟಿಲ್ಲ ಅಥವಾ ಸರಕು ಹಿಂದಿರುಗಿಸಿಲ್ಲ ಎಂದಾದರೆ ಕಳುಹಿಸು' ಎಂದು ಬರೆದರೆ, ದೂರು ಕೊಟ್ಟು ಸರಕನ್ನು ಇಟ್ಟುಕೊಂಡವರಿಗೂ ಸಂದೇಶ ಹೋಗುತ್ತದೆ. ಅಲ್ಲಿ ಇರಬೇಕಾದದ್ದು 'ಮತ್ತು'.

ಸಮಯ ಕಡಿಮೆಯಿರುವುದರಿಂದ ಉಳಿದದ್ದನ್ನು ಚುಟುಕಾಗಿ ಹೇಳುತ್ತೇನೆ. ಇಮೇಲ್ ತೆರೆದವರು, ತೆರೆಯದವರು ಎಂದು ಜನರನ್ನು ವಿಂಗಡಿಸಬೇಡಿ. ಇಮೇಲ್ ತೆರೆದರೆಂದು ನಮಗೆ ತಿಳಿಯುವುದು ಅದರೊಳಗಿನ ಚಿತ್ರ ಇಳಿದಾಗ. 2021ರಲ್ಲಿ ಆಪಲ್ ತಂದ ಗೋಪ್ಯತಾ ವ್ಯವಸ್ಥೆಯಲ್ಲಿ ಆ ಚಿತ್ರಗಳು ಮೊದಲೇ ಇಳಿದುಬಿಡುವುದರಿಂದ, ಓದದಿದ್ದವರೂ ಓದಿದವರಂತೆ ಕಾಣುತ್ತಾರೆ. ಲಿಂಕ್ ಒತ್ತಿದವರನ್ನು, ಕೊಂಡವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ದಿನಕ್ಕೆ 5000ಕ್ಕಿಂತ ಹೆಚ್ಚು ಇಮೇಲ್‌ಗಳನ್ನು ಜಿಮೇಲ್ ಖಾತೆಗಳಿಗೆ ಕಳುಹಿಸುವವರು, ಪ್ರಚಾರದ ಇಮೇಲ್‌ಗಳಲ್ಲಿ ಒಂದೇ ಒತ್ತಿನಲ್ಲಿ ಹೊರಬರುವ ದಾರಿ ಕೊಡಬೇಕೆಂದೂ, ಸ್ಪ್ಯಾಮ್ ದೂರುಗಳು, ಅಂದರೆ ಇದು ಬೇಡದ ಇಮೇಲ್ ಎಂದು ಪಡೆದವರು ಗುರುತು ಹಾಕುವುದು, ಶೇಕಡ 0.3 ಮುಟ್ಟಬಾರದೆಂದೂ ಗೂಗಲ್ 2024ರಲ್ಲಿ ನಿಯಮ ತಂದಿದೆ. ಹೊರಗಿಡಬೇಕಾದವರನ್ನು ಹೊರಗಿಟ್ಟವರಿಗೆ ಇದು ಕಷ್ಟವಾಗದು.

ಇಂದು ಸಂಜೆಯೇ ಒಂದು ಪರೀಕ್ಷೆ ಮಾಡಿ. ನಿಮ್ಮದೇ ಇಮೇಲ್ ವಿಳಾಸ ಕೊಟ್ಟು ನಿಮ್ಮ ಅಂಗಡಿಯ ಕಾರ್ಟ್‌ಗೆ ಒಂದು ಸರಕು ಹಾಕಿ, ಮೊದಲ ಇಮೇಲ್ ಬಂದ ಮೇಲೆ ಹಣ ಕಟ್ಟಿ, ಮೂರು ದಿನ ಕಾಯಿರಿ. ಎರಡನೆಯ ಇಮೇಲ್ ಬಂತೆಂದರೆ ಆ ಸರಣಿಯನ್ನು ಆ ಕ್ಷಣವೇ ನಿಲ್ಲಿಸಿ, ಬಿಟ್ಟುಹೋದ ಸಾಲನ್ನು ಸೇರಿಸಿದ ನಂತರವೇ ಮತ್ತೆ ಆರಂಭಿಸಿ. ನಮಸ್ಕಾರ.