ಅಚ್ಚುಮೊಳೆಗೂ ಮುಂಚಿನ ಅಸ್ಸಾಮಿ ಗದ್ಯ

ಕೇಳುಗರಿಗೆ ನಮಸ್ಕಾರ.

ಅಸ್ಸಾಮಿ ಗದ್ಯದ ಮಾತೆತ್ತಿದರೆ ಬಹಳ ಜನ 1846ರಲ್ಲಿ ಅಸ್ಸಾಮಿನ ಶಿವಸಾಗರದಿಂದ ಹೊರಟ ‘ಅರುಣೋದಯ’ ಪತ್ರಿಕೆಯನ್ನೂ ಅದನ್ನು ನಡೆಸಿದ ಅಮೆರಿಕದ ಮಿಷನರಿಗಳನ್ನೂ ನೆನೆಯುತ್ತಾರೆ. ಅವರ ಉಪಕಾರ ಸಣ್ಣದಲ್ಲ. ಆಗ ಅಲ್ಲಿನ ಕಚೇರಿ, ಶಾಲೆಗಳಲ್ಲಿ ಬಂಗಾಳಿಯೇ ನಡೆಯುತ್ತಿತ್ತು. ಆದರೆ ಅಷ್ಟು ಹೊತ್ತಿಗೆ ಆ ಗದ್ಯಕ್ಕೆ ಸುಮಾರು ಮುನ್ನೂರು ವರ್ಷ ತುಂಬಿತ್ತು.

ಮೊದಲು ಅದು ಕೇಳಿಸಿದ್ದು ರಂಗದ ಮೇಲೆ. ವೈಷ್ಣವ ಸಂತ ಶಂಕರದೇವರ ಅಂಕಿಯಾ ನಾಟಗಳಲ್ಲಿ, ಅಂದರೆ ಏಕಾಂಕ ಭಕ್ತಿನಾಟಕಗಳಲ್ಲಿ, ಸೂತ್ರಧಾರ ಗದ್ಯದಲ್ಲೇ ಕಥೆ ನಡೆಸುತ್ತಾನೆ. ಅದು ಮೈಥಿಲಿ ಬೆರೆತ ಬ್ರಜಾವಲಿ, ಮನೆಯಲ್ಲಿ ಯಾರೂ ಆಡದ ನುಡಿ. ಶುದ್ಧ ಗದ್ಯಕ್ಕೆ ಕೈಹಾಕಿದವರು ಭಟ್ಟದೇವರು. ಹೆಂಗಸರಿಗೂ ಶೂದ್ರರಿಗೂ ತಿಳಿಯುವಂತೆ ಭಾಗವತವನ್ನು ಗದ್ಯದಲ್ಲಿ ಬರೆ ಎಂದು ಗುರು ದಾಮೋದರದೇವರು ಅಪ್ಪಣೆ ಕೊಟ್ಟರಂತೆ. ಹಾಗೆ ಹುಟ್ಟಿದ್ದು ‘ಕಥಾ ಭಾಗವತ’, ಆಮೇಲೆ ‘ಕಥಾ ಗೀತಾ’. ಆದರೂ ಬರೆದವರು ಸಂಸ್ಕೃತ ಪಂಡಿತರು. ತತ್ಸಮಗಳ ಭಾರ ವಾಕ್ಯದ ಮೇಲೆ ಉಳಿದೇಬಿಟ್ಟಿತು.

ಮಠದ ಗದ್ಯಕ್ಕಿಂತ ನನಗೆ ಅರಮನೆಯ ಗದ್ಯವೇ ಹೆಚ್ಚು ಇಷ್ಟ. 1555ರಲ್ಲಿ ಕೋಚ ರಾಜ್ಯದ ದೊರೆ ನರನಾರಾಯಣ, ನೆರೆಯಲ್ಲಿ ಆಳುತ್ತಿದ್ದ ಅಹೋಮ್ ವಂಶದ ರಾಜನಿಗೆ ಬರೆದ ಓಲೆಯೊಂದಿದೆ. ಪತ್ರಗಳು ಹೋಗಿ ಬರುತ್ತಿದ್ದರೆ ಪ್ರೀತಿಯ ಬೀಜ ಮೊಳೆಯುತ್ತದೆ ಎನ್ನುತ್ತಾನೆ. ಏಳೇ ವರ್ಷಕ್ಕೆ ಅವನ ಸೈನ್ಯ ಅಹೋಮರ ರಾಜಧಾನಿ ಗಢಗಾಂವನ್ನು ಹಿಡಿಯಿತು! ಬಂಗಾಳಿಗಳೂ ಈ ಓಲೆ ನಮ್ಮದೇ ಎನ್ನುತ್ತಾರೆ. ಆ ಜಗಳ ಇಲ್ಲಿ ಬೇಡ.

ಅಹೋಮರು 1228ರಲ್ಲಿ ಪಾಟ್ಕಾಯಿ ಬೆಟ್ಟ ದಾಟಿ ಬಂದವರು. ತಮ್ಮ ಚರಿತ್ರೆಯನ್ನು, ಅಂದರೆ ಬುರಂಜಿಗಳನ್ನು, ಮೊದಲು ಥಾಯ್ ನುಡಿಗೆ ನಂಟಿರುವ ತಮ್ಮ ಅಹೋಮ್ ಭಾಷೆಯಲ್ಲೇ ಬರೆದಿಟ್ಟರು. ಹದಿನೇಳನೆಯ ಶತಮಾನದ ಹೊತ್ತಿಗೆ ಅಸ್ಸಾಮಿಯಲ್ಲಿ ಬರೆಯತೊಡಗಿದರು. ಯುದ್ಧ, ಸಂಧಿ, ಒಳಸಂಚು, ದೂತ ಸಭೆಯಲ್ಲಿ ಏನೆಂದ, ಅವನಿಗೆ ಏನು ಉತ್ತರ ಸಿಕ್ಕಿತು, ಎಲ್ಲವೂ ಅಲ್ಲಿ ದಾಖಲು. ಆಡುಮಾತಿಗೆ ಹತ್ತಿರದ ಗದ್ಯ. ಮೊಗಲರ ಸಹವಾಸದಿಂದ ಪಾರಸಿ ಪದಗಳೂ ನುಸುಳಿವೆ. ದೇವರ ಕಥೆಯ ಹಂಗಿಲ್ಲದೆ ಗದ್ಯ ನಿಂತಿದ್ದು ಇಲ್ಲಿಯೇ.

ಒಮ್ಮೆ ನಿಂತ ಮೇಲೆ ಅದು ಲಾಯಕ್ಕೂ ಹೋಯಿತು. 1734ರಲ್ಲಿ ಸುಕುಮಾರ ಬರಕಾಠ ‘ಹಸ್ತಿವಿದ್ಯಾರ್ಣವ’ ಬರೆದ. ಆನೆಯ ಜಾತಿ, ಗುಣ, ರೋಗ, ಮದ್ದು, ಎಲ್ಲವೂ ಸಾಂಚಿ (ಅಗರು) ಮರದ ತೊಗಟೆಯ ಮೇಲೆ, ಬಣ್ಣದ ಚಿತ್ರಗಳ ಸಮೇತ.

ಇನ್ನು ಮಿಷನರಿಗಳು. ‘ಅರುಣೋದಯ’ಕ್ಕೂ ಎರಡು ವರ್ಷ ಮೊದಲೇ, 1844ರಲ್ಲಿ, ಅವರ ಮುದ್ರಣಾಲಯದಿಂದ ಕಾಶೀನಾಥ ತಾಮುಲಿ ಫುಕನರ ಪುಸ್ತಕವೊಂದು ಹೊರಬಂದಿತ್ತು. ಅದೂ ಒಂದು ಬುರಂಜಿಯೇ.